ಟ್ಯುಲಿಪ್ ಮೇಜು

ಟ್ಯುಲಿಪ್ ಮೇಜು ಫಿನ್ನಿಶ್-ಅಮೆರಿಕನ್ ವಾಸ್ತುಶಿಲ್ಪಿ ಈರೋ ಸಾರಿನೆನ್ (1910–1961) ವಿನ್ಯಾಸಗೊಳಿಸಿದ ಒಂಟಿಕಾಲಿನ ಮೇಜು. ಅಮೆರಿಕದ ನೋಲ್ ಸಂಸ್ಥೆಯು ಇದನ್ನು 1957ರಲ್ಲಿ 'ಪೆಡೆಸ್ಟಲ್' ಪೀಠೋಪಕರಣ ಶ್ರೇಣಿಯ ಭಾಗವಾಗಿ ಮಾರುಕಟ್ಟೆಗೆ ತಂದಿತು. ಅಮೃತಶಿಲೆಯ ಹಲಗೆಯುಳ್ಳ ಇದರ ಊಟದ ಮೇಜು ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಆಧುನಿಕ ವಿನ್ಯಾಸದ ಪ್ರಸಿದ್ಧ ಮಾದರಿಗಳಲ್ಲೊಂದು. ಇದೇ ಶ್ರೇಣಿಯ ಕುರ್ಚಿಯ ಆಕಾರವು ಟ್ಯುಲಿಪ್ ಹೂವನ್ನು ಹೋಲುವುದರಿಂದ ಈ ಹೆಸರು ಬಳಕೆಗೆ ಬಂದಿದೆ.

ಹಿನ್ನೆಲೆ

ಸಾರಿನೆನ್ ವಾಸ್ತುಶಿಲ್ಪಕ್ಕೂ ಮೊದಲು ಪ್ಯಾರಿಸ್‌ನಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದ್ದರು. ಮೇಜು-ಕುರ್ಚಿಗಳ ಕೆಳಗೆ ಕಿಕ್ಕಿರಿದ ಕಾಲುಗಳನ್ನು ಅವರು ಕೊಳೆಗೇರಿಗೆ ಹೋಲಿಸಿ, ಅವುಗಳ ಬದಲಿಗೆ ಒಂದೇ ಆಧಾರವನ್ನು ರೂಪಿಸಿದರು.

ರಚನೆ

ಎರಕದ ಲೋಹದ ಕಂಬವು ನಡುವೆ ಕಿರಿದಾಗಿ, ಮೇಲೆ ಹಲಗೆಯನ್ನು ಹೊರಲು ಅರಳಿ, ಕೆಳಗೆ ಅಗಲವಾದ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಈ ಅಗಲವಾದ ಪಾದವು ಮೇಜು ವಾಲದಂತೆ ತಡೆಯುತ್ತದೆ. ಮೂಲೆಗಳಲ್ಲಿ ಕಾಲುಗಳಿಲ್ಲದ ಕಾರಣ ಕುರ್ಚಿಗಳನ್ನು ಸುತ್ತಲೂ ಬೇಕಾದಲ್ಲಿ ಇಡಬಹುದು. ಹಲಗೆಯು ದುಂಡಾಗಿ ಅಥವಾ ಅಂಡಾಕಾರವಾಗಿರುತ್ತದೆ. ಅದರ ಅಂಚನ್ನು ಅಡಿಯಿಂದ ಓರೆಯಾಗಿ ಕತ್ತರಿಸಿರುವುದರಿಂದ ಭಾರವಾದ ಕಲ್ಲೂ ತೆಳುವಾಗಿ ಕಾಣುತ್ತದೆ.

ಅಮೃತಶಿಲೆಯ ಮುಖ್ಯ ಘಟಕ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ವಿನೆಗರ್ ಮೊದಲಾದ ಆಮ್ಲೀಯ ಪದಾರ್ಥಗಳು ಅದರ ಹೊಳಪನ್ನು ಕೆಡಿಸುತ್ತವೆ. ಆದ್ದರಿಂದ ಹಲಗೆಗೆ ಪಾರದರ್ಶಕ ಲೇಪನವನ್ನು ನೀಡಲಾಗುತ್ತದೆ. ಮರದ ಹಾಗೂ ಲ್ಯಾಮಿನೇಟ್ ಹಲಗೆಗಳೂ ಲಭ್ಯವಿವೆ.

ಈಡೇರದ ಆಶಯ

ಪೀಠೋಪಕರಣವೊಂದು ಒಂದೇ ವಸ್ತುವಿನಿಂದ ಅಖಂಡವಾಗಿ ರೂಪುಗೊಳ್ಳಬೇಕೆಂಬುದು ಸಾರಿನೆನ್ ಅವರ ಗುರಿಯಾಗಿತ್ತು. ಆದರೆ ಕುರ್ಚಿಯ ತೆಳುವಾದ ಕಾಂಡಕ್ಕೆ ಅಂದಿನ ಪ್ಲಾಸ್ಟಿಕ್‌ನ ಬಲ ಸಾಲದಾಯಿತು. ಹೀಗಾಗಿ ಫೈಬರ್‌ಗ್ಲಾಸ್ ಆಸನವನ್ನು ಅಲ್ಯೂಮಿನಿಯಂ ಕಾಂಡದ ಮೇಲೆ ಜೋಡಿಸಿ, ಎರಡಕ್ಕೂ ಒಂದೇ ಬಣ್ಣ ಬಳಿದು ಏಕರೂಪತೆಯನ್ನು ಸಾಧಿಸಲಾಯಿತು. ಮೇಜಿನಲ್ಲಿ ಗೆರೆಗಳುಳ್ಳ ಕಲ್ಲು ಲೋಹದಿಂದ ಸ್ಪಷ್ಟವಾಗಿ ಬೇರೆಯಾಗಿಯೇ ಕಾಣುತ್ತದೆ. ಇಲ್ಲಿ ಏಕತೆಯು ಕೇವಲ ಆಕಾರದಲ್ಲಿ ಉಳಿದಿದೆ.

ಪರಂಪರೆ

ಒಂಟಿ ಆಧಾರದ ಮೇಜು ಹೊಸ ಕಲ್ಪನೆಯಲ್ಲ. ಪ್ರಾಚೀನ ರೋಮನ್ನರಲ್ಲಿ ಅಂತಹ ಅಮೃತಶಿಲೆಯ ಮೇಜುಗಳಿದ್ದವು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಮರದ ಮೇಜುಗಳಲ್ಲಿ ನಡುಗಂಬವು ಸಾಮಾನ್ಯವಾಗಿ ಕೆಳಗೆ ಮೂರು ಅಥವಾ ನಾಲ್ಕು ಪಾದಗಳಾಗಿ ಕವಲೊಡೆಯುತ್ತಿತ್ತು. ಸಾರಿನೆನ್ ಆ ಕವಲುಗಳನ್ನೂ ಕೈಬಿಟ್ಟು, ಕಂಬ ಹಾಗೂ ಪಾದಗಳನ್ನು ಒಂದೇ ವಕ್ರರೇಖೆಯಲ್ಲಿ ಬೆಸೆದರು. ಅವರ ಮರಣಾನಂತರ 1962ರಲ್ಲಿ ಆರಂಭಗೊಂಡ ನ್ಯೂಯಾರ್ಕ್‌ನ ಟಿಡಬ್ಲ್ಯುಎ ವಿಮಾನ ನಿಲ್ದಾಣದ ಕಟ್ಟಡದಲ್ಲೂ ಇಂತಹ ಹರಿಯುವ ವಕ್ರತೆಯನ್ನು ಕಾಣಬಹುದು.

ನೋಲ್ ಸಂಸ್ಥೆಯು ಈ ಮೇಜನ್ನು ಇಂದಿಗೂ ತಯಾರಿಸುತ್ತಿದೆ. ಇದರ ಅನುಕರಣೆಗಳು ವ್ಯಾಪಕವಾಗಿದ್ದು, ಇದೇ ಆಕಾರದ ಇತರ ತಯಾರಕರ ಮೇಜುಗಳನ್ನೂ ಟ್ಯುಲಿಪ್ ಮೇಜುಗಳೆಂದೇ ಕರೆಯುವುದು ರೂಢಿಯಲ್ಲಿದೆ.