ಆಯಿಲ್ ಕುಡಿಯುವ ಎಂಜಿನ್: ಒಂದು ರಿಪೇರಿ ಕಸುಬಿನ ಚರಿತ್ರೆ

‘ಎಂಜಿನ್ ಆಯಿಲ್ ಕುಡಿಯುತ್ತಿದೆ’ ಎಂಬ ದೂರಿನೊಂದಿಗೆ ಗ್ಯಾರೇಜಿಗೆ ಬಂದ ಕಾರಿಗೆ ನಮ್ಮ ದೇಶದಲ್ಲಿ ದಶಕಗಳ ಕಾಲ ಒಂದೇ ಮದ್ದಿತ್ತು: ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗ್ ಹಾಕಿಸಿ. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲಕ್ಕೆ ಅದು ಬಹುಮಟ್ಟಿಗೆ ಸರಿಯಾದ ಮದ್ದೇ ಆಗಿತ್ತು. ಇವತ್ತು ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರಿಗೂ ಕಣ್ಣು ಮುಚ್ಚಿ ಅದನ್ನೇ ಹೇಳಿದರೆ ಎಷ್ಟೋ ಸಲ ದುಡ್ಡು ದಂಡ. ಇದಕ್ಕೆ ಮೆಕ್ಯಾನಿಕ್ಕುಗಳ ಅಜ್ಞಾನವಾಗಲೀ ದುರಾಸೆಯಾಗಲೀ ಪೂರ್ತಿ ಕಾರಣವಲ್ಲ. ಆಯಿಲ್ ಖರ್ಚನ್ನು ನಾವು ಬರೀ ವಯಸ್ಸಿನ ಕಾಯಿಲೆ ಎಂದು ತಿಳಿದಿದ್ದೇವೆ. ಚರಿತ್ರೆ ನೋಡಿದರೆ, ಆಯಾ ಕಾಲದ ಎಂಜಿನ್ ತನ್ನ ವಿನ್ಯಾಸಕ್ಕೆ ತಕ್ಕ ದಾರಿಯಲ್ಲಿ ಆಯಿಲ್ ಕಳೆದುಕೊಂಡಿದೆ. ದಾರಿ ಬದಲಾದರೂ ಮದ್ದು ಬದಲಾಗದಿರುವುದೇ ಇಲ್ಲಿನ ತೊಡಕು.

ಕಥೆಯ ಬೇರು ಉಗಿ ಎಂಜಿನ್ನಿನ ಕಾಲದ್ದು. ಆಗ ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದಿಗೆ ನಾರು ತುರುಕಿ ಉಗಿ ಸೋರದಂತೆ ನೋಡಿಕೊಳ್ಳುತ್ತಿದ್ದರು. 1852ರಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್, ಒಂದು ಕಡೆ ಸೀಳಿದ ಲೋಹದ ಉಂಗುರಕ್ಕೆ ಪೇಟೆಂಟ್ ಪಡೆದ. ಸೀಳಿರುವುದರಿಂದ ಅದು ಸ್ಪ್ರಿಂಗಿನಂತೆ ಹಿಗ್ಗಿ ಗೋಡೆಗೆ ತಾನಾಗಿ ಒತ್ತಿಕೊಳ್ಳುತ್ತದೆ. ಕಾರಿನ ಪಿಸ್ಟನ್ನಿನಲ್ಲಿ ಇವತ್ತಿಗೂ ಇರುವುದು ಅದೇ ತತ್ವ. ಸಾಮಾನ್ಯವಾಗಿ ಮೂರು ರಿಂಗುಗಳು: ಮೇಲಿನದು ಉರಿಯುವ ಅನಿಲವನ್ನು ತಡೆಯುತ್ತದೆ, ನಡುವಿನದು ಅದಕ್ಕೆ ನೆರವಾಗುತ್ತಲೇ ಆಯಿಲನ್ನೂ ಕೆರೆಯುತ್ತದೆ, ಕೆಳಗಿನದು ಗೋಡೆಯ ಮೇಲಿನ ಹೆಚ್ಚುವರಿ ಆಯಿಲನ್ನು ಬಳಿದು ಪಿಸ್ಟನ್ನಿನ ಸಣ್ಣ ತೂತುಗಳ ಮೂಲಕ ಮತ್ತೆ ಕೆಳಗಿನ ಆಯಿಲ್ ಸಂಪ್‌ಗೆ ಕಳಿಸುತ್ತದೆ. ಆದರೆ ಗೋಡೆಯನ್ನು ಪೂರ್ತಿ ಒಣಗಿಸುವಂತಿಲ್ಲ. ತೆಳುವಾದ ಪದರ ಉಳಿಯದಿದ್ದರೆ ರಿಂಗೇ ಸವೆಯುತ್ತದೆ. ಆ ಪದರದ ಒಂದಂಶ ಪ್ರತಿ ಸಲವೂ ಉರಿದುಹೋಗುತ್ತದೆ. ಹಾಗಾಗಿ ಹನಿ ಆಯಿಲನ್ನೂ ಸುಡದ ಎಂಜಿನ್ ಇಲ್ಲ. ಎಷ್ಟು ಸುಡುತ್ತದೆ, ಯಾವ ದಾರಿಯಲ್ಲಿ ಸುಡುತ್ತದೆ ಎಂಬುದಷ್ಟೇ ಪ್ರಶ್ನೆ.

1957ರಲ್ಲಿ ರಸ್ತೆಗಿಳಿದ ಅಂಬಾಸಡರ್‌ಗೆ ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಮೂಲದ 1489 ಸಿಸಿ ಎಂಜಿನ್ ಬಂತು. ಎರಕದ ಕಬ್ಬಿಣದ ದಪ್ಪ ಬ್ಲಾಕ್, ಸಿಲಿಂಡರಿನ ವ್ಯಾಸ ಸುಮಾರು 73 ಮಿಲಿಮೀಟರ್, ಪಿಸ್ಟನ್ ಓಡಾಟ ಸುಮಾರು 89 ಮಿಲಿಮೀಟರ್. ಧೂಳಿನ ರಸ್ತೆ, ಆ ಕಾಲದ ಫಿಲ್ಟರ್, ಆ ಕಾಲದ ಆಯಿಲ್ ಇವೆಲ್ಲ ಸೇರಿ ಗೋಡೆಯನ್ನು ಸವೆಸುತ್ತಿದ್ದವು. ಅದೂ ಸಮನಾಗಿ ಅಲ್ಲ. ಪಿಸ್ಟನ್ ತುದಿ ಮುಟ್ಟಿ ಕ್ಷಣಕಾಲ ನಿಂತು ಹಿಂದಿರುಗುವ ಜಾಗದಲ್ಲಿ ಬಿಸಿಯೂ ಒತ್ತಡವೂ ಹೆಚ್ಚು, ಆಯಿಲ್ ಪದರ ಅತಿ ತೆಳು. ಸವೆತವೂ ಅಲ್ಲೇ ಜಾಸ್ತಿ. ರಿಂಗ್ ಮುಟ್ಟದ ಮೇಲಂಚು ಮಾತ್ರ ಹಾಗೇ ಉಳಿದು ಸಣ್ಣ ಏಣು ಏಳುತ್ತದೆ. ಹೆಡ್ ಬಿಚ್ಚಿದ ಮೇಸ್ತ್ರಿ ಉಗುರಿನಿಂದ ಆ ಏಣನ್ನು ಸವರಿ, ತಡೆದರೆ ‘ಬೋರ್ ಆಗಬೇಕು’ ಎನ್ನುತ್ತಿದ್ದ. ಮುಂದಿನದು ಲೇತ್ ಅಂಗಡಿಯವರ ಕೆಲಸ: ಸಿಲಿಂಡರನ್ನು ಇಂಚಿನ ಸಾವಿರ ಭಾಗಗಳಲ್ಲಿ ಇಪ್ಪತ್ತರಷ್ಟು ಅಗಲಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸುವುದು, ಮುಂದೊಂದು ಸಲ ನಲವತ್ತಕ್ಕೆ ಹೋಗುವುದು, ಅದೂ ಮುಗಿದರೆ ಸ್ಲೀವ್ ಒತ್ತಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತರುವುದು. ಒಂದೇ ಬ್ಲಾಕ್ ಹೀಗೆ ಹಲವು ಜನ್ಮ ಎತ್ತುತ್ತಿತ್ತು.

ಈ ಕಸುಬು ಬೆಳೆದದ್ದಕ್ಕೆ ಎಂಜಿನ್ನಿನಷ್ಟೇ ಅಂದಿನ ಅರ್ಥವ್ಯವಸ್ಥೆಯೂ ಕಾರಣ. ಲೈಸೆನ್ಸ್ ರಾಜ್ಯದಲ್ಲಿ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಇದ್ದುದನ್ನೇ ಓಡಿಸದೆ ಗತಿ ಇರಲಿಲ್ಲ. ಬಿಡಿಭಾಗಗಳು ಮಾತ್ರ ದೇಶದಲ್ಲೇ ಆಗತೊಡಗಿದ್ದವು. ಮದ್ರಾಸಿನಲ್ಲಿ 1949ರಲ್ಲಿ ಇಂಡಿಯಾ ಪಿಸ್ಟನ್ಸ್, ಬೆಂಗಳೂರಿನಲ್ಲಿ 1951ರಲ್ಲಿ ಮೈಕೋ ಶುರುವಾದವು. ಪಿಸ್ಟನ್, ರಿಂಗ್ ತಯಾರಿಕೆ ಮುಂದೆ ಯಲಹಂಕಕ್ಕೂ ಬಂತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಗಲ್ಲಿಗಲ್ಲಿಯ ಲೇತ್ ಅಂಗಡಿಗಳು ಕೈಗೆಟಕುವಾಗ, ಕೂಲಿ ಅಗ್ಗವಾಗಿದ್ದ ಆ ದಿನಗಳಲ್ಲಿ ಎಂಜಿನ್ ಇಳಿಸುವುದೇ ಲೆಕ್ಕಕ್ಕೆ ಸರಿಹೋಗುವ ದಾರಿಯಾಗಿತ್ತು.

ಅದೆಲ್ಲ ಅಂದಾಜಿನ ವಿದ್ಯೆ, ಹೊಗೆ ನೋಡಿ ಹೇಳುವ ಕಣಿ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಆ ಲಕ್ಷಣಶಾಸ್ತ್ರಕ್ಕೆ ಗಟ್ಟಿ ಆಧಾರವಿತ್ತು. ಏರು ಹತ್ತುವಾಗ ಸೈಲೆನ್ಸರಿನಿಂದ ಬಿಡದೆ ನೀಲಿ ಹೊಗೆ ಬಂದರೆ ರಿಂಗ್ ಮೇಲೆ ಅನುಮಾನ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಕಾಲೆತ್ತಿ ಗೇರಿನಲ್ಲೇ ಇಳಿದು, ಕೆಳಗೆ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆಲೇ ನೀಲಿ ಹೊಗೆ ಕಕ್ಕಿದರೆ ವಾಲ್ವ್ ಗೈಡ್ ಅಥವಾ ಸೀಲ್ ಮೇಲೆ ಅನುಮಾನ. ಕಾಲೆತ್ತಿದಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತ ಏರಿ ಮೇಲಿನ ಆಯಿಲನ್ನು ಒಳಗೆಳೆಯುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ಹೊಗೆ ಬಂದರೂ ಬೊಟ್ಟು ಸೀಲಿನತ್ತಲೇ. ಒದ್ದೆಯಾಗಿ ಕಪ್ಪಿಟ್ಟ ಪ್ಲಗ್ ಯಾವ ಸಿಲಿಂಡರ್ ಎಂದು ತೋರಿಸುತ್ತಿತ್ತು. ಕಂಪ್ರೆಶನ್ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೇರಿದರೆ ಸೋರಿಕೆ ರಿಂಗಿನದು, ಏರದಿದ್ದರೆ ಹೆಚ್ಚಾಗಿ ವಾಲ್ವಿನದು. ಇವು ಇವತ್ತಿಗೂ ಸಲ್ಲುವ ಪರೀಕ್ಷೆಗಳು. ಕೊರತೆ ಇದ್ದದ್ದು ಬೇರೆ ಕಡೆ. ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ಹೋಗುತ್ತದೆಂದು ಬರೆದಿಡುವ ರೂಢಿ ಬೆಳೆಯಲಿಲ್ಲ. ಯಾವ ಲಕ್ಷಣ ಕಂಡರೂ ಕೊನೆಗೆ ಎಂಜಿನ್ ಇಳಿಯುತ್ತಿದ್ದುದರಿಂದ ಅಳತೆಯ ಅಗತ್ಯ ಯಾರಿಗೂ ಕಾಣಲಿಲ್ಲ.

ಅಷ್ಟರಲ್ಲಿ ಎಂಜಿನ್ನೇ ಬದಲಾಯಿತು. ಒಳಗಿನ ಆವಿಯನ್ನು ರಸ್ತೆಗೆ ಬಿಡದೆ ಮತ್ತೆ ಎಂಜಿನ್ನಿಗೇ ಉರಿಸಲು ಕಳಿಸುವ ಪಿಸಿವಿ ವಾಲ್ವ್ ಕ್ಯಾಲಿಫೋರ್ನಿಯಾದ ಕಾರುಗಳಿಗೆ 1961ರ ಮಾದರಿಯಿಂದಲೇ ಬಂದಿತ್ತು. ಮುಂದೆ ಅದು ಎಲ್ಲೆಡೆ ರೂಢಿಯಾಯಿತು. ಆಯಿಲ್ ಹೋಗುವುದಕ್ಕೆ ಹೊಸದೊಂದು ದಾರಿಯೂ ತೆರೆಯಿತು. ನಮ್ಮಲ್ಲಿ 1983ರ ಕೊನೆಗೆ ಮಾರುತಿ 800 ಬಂತು. 1995ರಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಉರಿದ ಆಯಿಲಿನ ರಂಜಕ ಆ ಕನ್ವರ್ಟರನ್ನು ಕೆಡಿಸುವುದರಿಂದ ಆಯಿಲ್ ಖರ್ಚು ಬರೀ ಜೇಬಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಮೈಲೇಜಿಗಾಗಿ ತಯಾರಕರು ರಿಂಗುಗಳನ್ನು ತೆಳುವಾಗಿಸಿ ಒತ್ತಡ ತಗ್ಗಿಸಿದರು. ಇದರ ಫಲ ಅಮೆರಿಕದಲ್ಲಿ ಚೆನ್ನಾಗಿ ದಾಖಲಾಗಿದೆ. ಟೊಯೋಟಾದ 2.4 ಲೀಟರ್ 2ಎಝಡ್-ಎಫ್ಇ ಎಂಜಿನ್ ಕೆಲವು ವರ್ಷಗಳ ಮಾದರಿಗಳಲ್ಲಿ ವಿಪರೀತ ಆಯಿಲ್ ಕುಡಿಯಿತು. ಕಂಪನಿ ಆಯಿಲ್ ತುಂಬಿಸಿ ಮುದ್ರೆ ಹಾಕಿ, 1200 ಮೈಲಿ ಓಡಿಸಿ ಅಳೆಯಿತು; ಒಂದು ಕ್ವಾರ್ಟಿಗಿಂತ, ಎಂದರೆ ಸುಮಾರು ಒಂದು ಲೀಟರಿಗಿಂತ, ಹೆಚ್ಚು ಖರ್ಚಾದ ಕಾರುಗಳಿಗೆ ವಾರಂಟಿ ವಿಸ್ತರಿಸಿ ಹೊಸ ಪಿಸ್ಟನ್ ಮತ್ತು ರಿಂಗ್ ಹಾಕಿಕೊಟ್ಟಿತು. ಇಂಥ ಎಂಜಿನ್ನುಗಳಲ್ಲಿ ಗೋಡೆ ಸವೆಯುವ ಮೊದಲೇ ಆಯಿಲ್ ರಿಂಗಿನ ತೂತುಗಳು ಇಂಗಾಲ ಕಟ್ಟಿ ಮುಚ್ಚಿಹೋಗಬಹುದು, ರಿಂಗ್ ತನ್ನ ತೋಡಿನಲ್ಲೇ ಅಂಟಿಕೊಳ್ಳಬಹುದು. ಗೋಡೆ ಅಳತೆಗೆ ಸರಿಯಿರುವಾಗ ಬೋರ್ ಮಾಡಿಸುವುದರಲ್ಲಿ ಅರ್ಥವಿಲ್ಲ. ಅಲ್ಯೂಮಿನಿಯಂ ಬ್ಲಾಕಿಗೆ ತೆಳು ಲೇಪನ ಬಳಿದ ಕೆಲವು ಎಂಜಿನ್ನುಗಳಲ್ಲಂತೂ ಹಳೆಯ ಪದ್ಧತಿಯ ಬೋರಿಂಗಿಗೆ ಅವಕಾಶವೇ ಇಲ್ಲ.

ಹಾಗಾದರೆ ದಪ್ಪ ಆಯಿಲ್ ಹಾಕಿದರಾಯಿತಲ್ಲ ಎನ್ನುವ ವಾದವೂ ಹಳೆಯದೇ. 20ಡಬ್ಲ್ಯೂ-40 ಕುಡಿದು ಬೆಳೆದ ಎಂಜಿನ್ನಿಗೆ ಇನ್ನಷ್ಟು ದಪ್ಪದ್ದು ಹಾಕಿ ಹೊಗೆ ತಗ್ಗಿಸಿದ್ದು ಸುಳ್ಳಲ್ಲ. ಈಗಿನ ಎಂಜಿನ್ನಿನ ಕಿರಿದಾದ ಆಯಿಲ್ ದಾರಿಗಳು, ಆಯಿಲ್ ಒತ್ತಡದಿಂದಲೇ ನಡೆಯುವ ವಾಲ್ವ್ ಟೈಮಿಂಗ್ ಇವುಗಳಿಗೆ ಮಾತ್ರ ಅದು ಹೊಂದುವುದಿಲ್ಲ. ಅಂಟಿದ ರಿಂಗನ್ನು ಬಿಡಿಸುವುದೂ ಇಲ್ಲ. ಕೈಪಿಡಿಯಲ್ಲಿ ತಯಾರಕರು ಒಪ್ಪಿದ ದರ್ಜೆಗಳೊಳಗೆ ಒಂದು ಮೆಟ್ಟಿಲು ಏರುವುದಕ್ಕೆ ಅಡ್ಡಿಯಿಲ್ಲ, ಅದರಾಚೆಗೆ ಬೇಡ. ‘ಇಷ್ಟು ಓಡಿದ ಮೇಲೆ ಕುಡಿಯುವುದು ಸಹಜ’ ಎಂಬ ಸಮಾಧಾನವೂ ಅರ್ಧ ಸತ್ಯ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ಸಹಜ ಎಂದು ಬರೆದ ಕೈಪಿಡಿಗಳಿವೆ. ಆ ಗೆರೆ ತಯಾರಕರ ಹೊಣೆ ಎಲ್ಲಿಗೆ ಮುಗಿಯುತ್ತದೆಂದು ಹೇಳುತ್ತದೆ, ಎಂಜಿನ್ ಆರೋಗ್ಯವಾಗಿದೆಯೆಂದು ಹೇಳುವುದಿಲ್ಲ.

ಇಷ್ಟೂ ಚರಿತ್ರೆಯಿಂದ ಹೊರಡುವ ಕ್ರಮ ಇದು. ಮೊದಲು ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೆ ಆಯಿಲ್ ತುಂಬಿ, ಸಾವಿರ ಕಿಲೋಮೀಟರ್ ಓಡಿಸಿ, ಅದೇ ಜಾಗದಲ್ಲಿ ಮತ್ತೆ ಆ ಗೆರೆ ಮುಟ್ಟಲು ಎಷ್ಟು ಬೇಕಾಯಿತೆಂದು ಬರೆದಿಡಬೇಕು. ಆಮೇಲೆ ಹೊರಗಿನ ಸೋರಿಕೆ, ಅದಾದಮೇಲೆ ಅಗ್ಗದ ಪಿಸಿವಿ ವಾಲ್ವ್, ನಂತರ ಪ್ಲಗ್ ಮತ್ತು ಕಂಪ್ರೆಶನ್ ಪರೀಕ್ಷೆ. ವಾಲ್ವ್ ಸೀಲುಗಳನ್ನು ಹಲವು ಎಂಜಿನ್ನುಗಳಲ್ಲಿ ಹೆಡ್ ಬಿಚ್ಚದೆಯೇ ಬದಲಿಸಬಹುದು. ರಿಂಗ್ ಅಂಟಿದ ಅನುಮಾನವಿದ್ದರೆ ಪ್ಲಗ್ ತೂತಿನಿಂದ ಇಂಗಾಲ ಕರಗಿಸುವ ದ್ರವ ಬಿಟ್ಟು ನೆನೆಸಿ, ಆಯಿಲ್ ಬದಲಿಸಿ, ಮತ್ತೆ ಅಳೆದು ನೋಡಬಹುದು. ಅದು ಎಲ್ಲಕ್ಕೂ ಫಲಿಸುವುದಿಲ್ಲ. ಆದರೆ ವಾಲ್ವ್ ಒಂದರ ತಪ್ಪಿಗೆ ಎಂಜಿನ್ ಇಳಿಸಿ ಬೆಟ್ಟ ಅಗೆದು ಇಲಿ ಹಿಡಿದಂತಾಗುವುದು ತಪ್ಪುತ್ತದೆ. ಇಷ್ಟಾದ ಮೇಲೂ ಅಂಕಿ ಇಳಿಯದಿದ್ದರೆ ಎಂಜಿನ್ ಬಿಚ್ಚುವುದಕ್ಕೆ ಕಾರಣ ಸಿಕ್ಕಂತೆ. ಆದ್ದರಿಂದ ಹಳೆಯ ಕಾರು ಇಟ್ಟುಕೊಂಡವರು ‘ಎಂಜಿನ್ ಇಳಿಸಬೇಕು’ ಎಂಬ ಮಾತು ಬಂದ ಕೂಡಲೇ ತಲೆಯಾಡಿಸಬಾರದು. ಕಂಪ್ರೆಶನ್ ಎಷ್ಟು ಬಂತು, ಒಣಗಿದ್ದಾಗ ಎಷ್ಟು, ಆಯಿಲ್ ಬಿಟ್ಟಾಗ ಎಷ್ಟು ಎಂದು ಕೇಳಿ, ಆ ಅಂಕಿಗಳನ್ನು ಬರೆಸಿಕೊಳ್ಳಬೇಕು.