ಹಿತ್ತಿಲ ಗಲ್ಲಿ

ಮಲ್ಲೇಶ್ವರವನ್ನು ಕಟ್ಟಿಸಿದ್ದೇ ಪ್ಲೇಗು ಎಂದು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲೇ, ಬಸವನಗುಡಿಯ ಜೊತೆಗೆ ಇದಕ್ಕೂ ನಕ್ಷೆ ತಯಾರಾಗಿತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು ನೋಡಿ, ಆಗ ಪೇಟೆಯ ಇಕ್ಕಟ್ಟಿನಲ್ಲಿದ್ದವರಿಗೆ ಕಾಡು ಮಲ್ಲೇಶ್ವರನ ಗುಡಿಯ ಆಸುಪಾಸಿನ ಬಯಲು ಕಣ್ಣಿಗೆ ಬಿತ್ತು. ಇಲಿ ಬಿದ್ದ ಮನೆಯಲ್ಲಿ ಯಾರು ತಾನೇ ಉಳಿದಾರು?

ಉದ್ದಕ್ಕೆ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಅಡ್ಡಕ್ಕೆ ನಂಬರಿನ ಕ್ರಾಸುಗಳು. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿದ್ದ ಮನೆಗಳು ಇಲ್ಲಿ ಕಾಂಪೌಂಡಿನ ನಡುವೆ ಗಾಳಿ ಬೆಳಕು ಕುಡಿಯುತ್ತ ನಿಂತವು. ಮಂಗಳೂರು ಹೆಂಚು, ಕೆಂಪು ಗಾರೆಯ ನೆಲ, ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮಾಡು. ಅದಕ್ಕೆ 'ಮಂಕಿ ಟಾಪ್' ಎನ್ನುತ್ತಾರೆ. ಇಂಥ ಮನೆಗಳ ಫೋಟೋ ತೆಗೆಯುವವರೆಲ್ಲ ಮುಂಬಾಗಿಲಲ್ಲೇ ನಿಲ್ಲುತ್ತಾರೆ.

ನನಗೆ ನೆನಪಾಗುವುದು ಹಿಂಭಾಗ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಸಣ್ಣ ದಾರಿ, ಕನ್ಸರ್ವೆನ್ಸಿ ಗಲ್ಲಿ. ನಕ್ಷೆಯಲ್ಲೇ ಅದಕ್ಕೆ ಜಾಗ ಬಿಟ್ಟಿದ್ದರು. ಹಿತ್ತಿಲ ತುದಿಯ ಕಕ್ಕಸಿನ ಮಲವನ್ನು ಬಾಚಿ ಒಯ್ಯುವವರು ಮನೆಯವರ ಕಣ್ಣಿಗೆ ಬೀಳದೆ ಬಂದು ಹೋಗುವುದಕ್ಕೆಂದು. ಊರಿನ ಆರೋಗ್ಯದ ದೊಡ್ಡ ಯೋಜನೆ ನಿಂತಿದ್ದು ಆ ಕೈಗಳ ಮೇಲೆ. ನಿವೇಶನ ಹಂಚುವಾಗ ಜಾತಿವಾರು ಬ್ಲಾಕು ಮಾಡಿದ್ದ ಬಡಾವಣೆ ಇದು. ಗಲ್ಲಿಯೂ ಅದೇ ಲೆಕ್ಕಾಚಾರದ್ದೇ.

ನಾನು ಚಿಕ್ಕವಳಿದ್ದಾಗ ನಮ್ಮಜ್ಜಿಯ ಮನೆಯಲ್ಲಿ ಆ ಕಡೆಯ ಮೋಟು ಬಾಗಿಲಿಗೆ ಮೊಳೆ ಹೊಡೆದಿದ್ದರು. 1970ರ ದಶಕದಲ್ಲಿ ಸಚಿವ ಬಸವಲಿಂಗಪ್ಪನವರು ಮಲ ಹೊರುವುದನ್ನು ನಿಷೇಧಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅಜ್ಜಿಗೆ ಹಾಲಿನವನ ಹೆಸರು, ಸೊಪ್ಪಿನವಳ ಹೆಸರು, ಅವರ ಮಕ್ಕಳ ಹೆಸರು ಕೂಡ ಬಾಯಿಪಾಠ. "ಗಲ್ಲಿಯಿಂದ ಬರ್ತಿದ್ದೋರು ಯಾರಜ್ಜಿ?" ಎಂದು ಕೇಳಿದೆ.

"ಒಬ್ಬಳು ಬರ್ತಿದ್ಲು," ಎಂದರು. "ದೀಪಾವಳಿಗೆ ಹಳೇ ಸೀರೆ ಗೋಡೆ ಮೇಲೆ ಇಡ್ತಿದ್ದೆ. ಹೆಸರು... ಕೇಳ್ಲೇ ಇಲ್ಲ ಕಣೆ. ಇಪ್ಪತ್ತು ವರ್ಷ ಬಂದ್ಲು."

ಅಜ್ಜಿ ಕೆಟ್ಟವರಾಗಿರಲಿಲ್ಲ. ಪ್ಲೇಗಿಗೆ ಹೆದರಿ ಗಾಳಿಗೆ ದಾರಿ ಬಿಟ್ಟ ಊರಿನಲ್ಲಿ ಅವರ ಮಾತು ಮಾತ್ರ ಹಿತ್ತಿಲ ಗೋಡೆ ದಾಟಲಿಲ್ಲ.

ಮೊನ್ನೆ ಹೋಗಿ ನೋಡಿದೆ. ಅಜ್ಜಿಯ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಇದೆ. ಗಲ್ಲಿಯ ತುಂಬ ಸ್ಕೂಟರುಗಳು. ಪಕ್ಕದ ಮನೆಯ ಹಳೆಯ ಗೋಡೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಇಟ್ಟಿಗೆ ತುಂಬಿ ಮುಚ್ಚಿದ ಒಂದು ಚೌಕ ಇನ್ನೂ ಕಾಣುತ್ತದೆ.