ಹೆಪ್ಪುಗಟ್ಟುವ ಲಸಿಕೆ: ಕತಾರ್‌ಗಾಮಿನ ಕ್ಲಿನಿಕ್ಕಿಗೆ ಎಂಥ ಫ್ರಿಜ್?

ಸೂರತ್ತಿನ ಕತಾರ್‌ಗಾಮ್ ವಜ್ರ ಉಜ್ಜುವವರ ಬಡಾವಣೆ. ಇಲ್ಲಿನ ಮಕ್ಕಳಿಗೆ ಲಸಿಕೆ ಸಿಗುವುದು ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ, ಇಲ್ಲವೆ ಖಾಸಗಿ ಕ್ಲಿನಿಕ್ಕಿನಲ್ಲಿ. ಸರ್ಕಾರಿ ದಾಸ್ತಾನು ಕೇಂದ್ರಗಳಲ್ಲಿ ಮೇಲ್ಮುಚ್ಚಳದ ಐ.ಎಲ್.ಆರ್. (ಐಸ್-ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆಗಳಿವೆ, 2015ರಲ್ಲಿ ಶುರುವಾದ ಇ-ವಿನ್ ಜಾಲ ಅವುಗಳ ತಾಪಮಾನವನ್ನು ದೂರದಿಂದಲೇ ಗಮನಿಸುತ್ತದೆ. ಖಾಸಗಿ ವೈದ್ಯರು ಏನು ಕೊಳ್ಳಬೇಕೆಂಬುದು ಮಾತ್ರ ಅವರವರ ವಿವೇಚನೆ.

ಸೆಕೆಯೂರಿನಲ್ಲಿ ಬಿಸಿಯೇ ಲಸಿಕೆಯ ಶತ್ರುವೆಂದು ಭಾವಿಸುವುದು ಸಹಜ. ಪೋಲಿಯೊ ಹನಿಯ ಮಟ್ಟಿಗೆ ಅದು ನಿಜವೇ. ಆದರೆ ಹೆಪಟೈಟಿಸ್-ಬಿ, ಪೆಂಟಾವೇಲೆಂಟ್, ಟಿ.ಡಿ. ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿದೆ. ಹೆಪಟೈಟಿಸ್-ಬಿ ಸುಮಾರು ಮೈನಸ್ 0.5 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಲವಣದ ಕಣಗಳು ಗಂಟುಕಟ್ಟಿದ ಮೇಲೆ ಕರಗಿಸಿದರೂ ಸತ್ವ ಮರಳದು. ಸೀಸೆಯ ಮೇಲಿನ ವಿ.ವಿ.ಎಂ. ಗುರುತು ಬಿಸಿಯನ್ನು ತೋರಿಸುತ್ತದೆ, ಹೆಪ್ಪನ್ನು ತೋರಿಸದು. 2007ರಲ್ಲಿ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆಯ ಪ್ರಕಾರ ಶೇ. 14ರಿಂದ 35ರಷ್ಟು ಫ್ರಿಜ್ ಅಥವಾ ಸಾಗಣೆಗಳಲ್ಲಿ ಲಸಿಕೆ ಹೆಪ್ಪಿನ ತಾಪಮಾನಕ್ಕೆ ಸಿಕ್ಕಿತ್ತು.

ಮನೆಬಳಕೆಯ ಒಂಟಿ ಬಾಗಿಲಿನ ಫ್ರಿಜ್ ಈ ದೃಷ್ಟಿಯಿಂದ ಅಪಾಯಕಾರಿ. ಫ್ರೀಜರಿನ ಕೆಳಗೆ ಅತಿ ಶೀತ, ಬಾಗಿಲಿನಲ್ಲಿ ಬೆಚ್ಚಗೆ. ಮೇ ತಿಂಗಳಲ್ಲಿ ಗಾಬರಿಯಿಂದ ತಿರುಗಿಸಿದ ಗುಂಡಿ ಜನವರಿಯಲ್ಲೂ ಹಾಗೇ ಉಳಿದಿರುತ್ತದೆ. (ಟಿಫಿನ್ ಡಬ್ಬಿಗೆ ಅದೇ ಫ್ರಿಜ್ ಆದರೆ ಬಾಗಿಲು ಎಷ್ಟು ಸಲ ತೆರೆಯುತ್ತದೆಂದು ಹೇಳಬೇಕಿಲ್ಲ.) ಫ್ರೀಜರನ್ನೂ ಒಂದೇ ಬಾಗಿಲೊಳಗೆ ಸೇರಿಸಿಕೊಂಡ ಹಾಸ್ಟೆಲ್ ಮಾದರಿಯ ಪುಟ್ಟ ಫ್ರಿಜ್ಜನ್ನಂತೂ ಅಮೆರಿಕದ ಸಿ.ಡಿ.ಸಿ. ತಾತ್ಕಾಲಿಕವಾಗಿಯೂ ಬಳಸಬೇಡಿ ಎನ್ನುತ್ತದೆ.

ಐ.ಎಲ್.ಆರ್. ಗೋಡೆಯೊಳಗಿನ ಮಂಜಿನ ಪದರದಿಂದಾಗಿ ದಿನಕ್ಕೆ 8 ಗಂಟೆ ವಿದ್ಯುತ್ ಸಿಕ್ಕರೂ ತಂಪು ಹಿಡಿದಿಡುತ್ತದೆ. ಅದರ ತಳವೂ ಅತಿ ಶೀತವೇ. ಪೆಂಟಾವೇಲೆಂಟನ್ನು ಬುಟ್ಟಿಯಲ್ಲೇ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆ ‘ಎ’ ದರ್ಜೆಯ ಹೆಪ್ಪುರಕ್ಷಣೆಯೆಂದು ಗುರುತಿಸಿದ ಪೆಟ್ಟಿಗೆಗಳಿಗೆ ಬಳಸುವವರ ಈ ಎಚ್ಚರದ ಹಂಗಿಲ್ಲ. ಕತಾರ್‌ಗಾಮಿನಂಥ ಕಡೆಯ ಕ್ಲಿನಿಕ್ಕಿಗೆ ನನ್ನ ಮೊದಲ ಆಯ್ಕೆ ಅದೇ. ಫ್ಯಾನಿನಿಂದ ಗಾಳಿ ಸುತ್ತಿಸುವ ವೈದ್ಯಕೀಯ ಫ್ರಿಜ್ ಎರಡನೆಯದು. ಒಳಗೆ ತಾಪ ಸಮನಾಗಿರುತ್ತದೆ, ಆದರೆ ವಿದ್ಯುತ್ ಹೋದರೆ ಬೇಗ ಬಿಸಿಯಾಗುತ್ತದೆ.

ಯಾವುದನ್ನು ಕೊಂಡರೂ ತಾಪಮಾನವನ್ನು ತಾನೇ ದಾಖಲಿಸುವ ಡೇಟಾ ಲಾಗರ್ ಬೇಕೇ ಬೇಕು. ದೀಪಾವಳಿಗೆ ವಜ್ರದ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿ, ಕೆಲಸಗಾರರು ಸೌರಾಷ್ಟ್ರದ ಊರುಗಳಿಗೆ ಹೊರಟರೆ ಕ್ಲಿನಿಕ್ಕಿಗೂ ರಜೆ. ಥರ್ಮಾಮೀಟರ್ ನೋಡಲು ಯಾರೂ ಇರುವುದಿಲ್ಲ. ಹೊಸ ಪೆಟ್ಟಿಗೆ ಬಂದಾಗಲೂ ಎರಡರಿಂದ ಏಳು ದಿನ ಖಾಲಿ ಓಡಿಸಿ, ಲಾಗರಿನ ದಾಖಲೆ 2ರಿಂದ 8 ಡಿಗ್ರಿಯೊಳಗೆ ನಿಂತಿದೆಯೆಂದು ಕಂಡ ಮೇಲೆಯೇ ಮೊದಲ ಸೀಸೆ ಇಡಬೇಕು.